ಜಾರ್ಜ್ ಪಾಪನಿಕೊಲಾವು

ಜಾರ್ಜ್ ಪಾಪನಿಕೊಲಾವು (13 ಮೇ 1883 – 19 ಫೆಬ್ರವರಿ 1962) ಗ್ರೀಸ್ ಮೂಲದ ಅಮೆರಿಕದ ವೈದ್ಯವಿಜ್ಞಾನಿ. ಗರ್ಭಕಂಠದ ಕ್ಯಾನ್ಸರಿನ ಪೂರ್ವಲಕ್ಷಣಗಳನ್ನು ಗುರುತಿಸುವ 'ಪ್ಯಾಪ್ ಪರೀಕ್ಷೆ'ಗೆ ಇವರ ಹೆಸರೇ ಮೂಲ.

ಜೀವನ

ಯೂಬಿಯ ದ್ವೀಪದ ಕೀಮಿ ಪಟ್ಟಣದಲ್ಲಿ ಜನಿಸಿದ ಇವರು 1904ರಲ್ಲಿ ಅಥೆನ್ಸ್‌ನಲ್ಲಿ ವೈದ್ಯ ಪದವಿಯನ್ನೂ 1910ರಲ್ಲಿ ಮ್ಯೂನಿಕ್‌ನಲ್ಲಿ ಪ್ರಾಣಿಶಾಸ್ತ್ರದ ಡಾಕ್ಟರೇಟನ್ನೂ ಪಡೆದರು. 1913ರಲ್ಲಿ ಪತ್ನಿ ಆಂಡ್ರೊಮಾಕಿಯೊಡನೆ ನ್ಯೂಯಾರ್ಕಿಗೆ ತೆರಳಿ, ಆರಂಭದಲ್ಲಿ ಮಳಿಗೆಯೊಂದರಲ್ಲಿ ರತ್ನಗಂಬಳಿ ಮಾರಿ ಜೀವನ ಸಾಗಿಸಿದರು. ಮುಂದೆ ಕಾರ್ನೆಲ್ ವೈದ್ಯಕೀಯ ಕಾಲೇಜನ್ನು ಸೇರಿದರು. ಪತ್ನಿಯು ಪ್ರಯೋಗಾಲಯದಲ್ಲಿ ನೆರವಾದುದಲ್ಲದೆ, ಪರೀಕ್ಷೆಗಾಗಿ ವರ್ಷಗಳ ಕಾಲ ತಮ್ಮ ಜೀವಕೋಶಗಳನ್ನೇ ಒದಗಿಸಿದರು.

ಸಂಶೋಧನೆ

ಗಿನಿಹಂದಿಗಳ ಋತುಚಕ್ರದ ಅಧ್ಯಯನದಿಂದ ಆರಂಭಿಸಿ, ಸ್ತ್ರೀಯರ ಯೋನಿಸ್ರಾವದಲ್ಲಿಯೂ ಕ್ಯಾನ್ಸರ್ ಕೋಶಗಳು ಕಾಣಸಿಗುವುದನ್ನು ಕಂಡುಕೊಂಡರು. 1928ರಲ್ಲಿ ಇದನ್ನು ಮಂಡಿಸಿದಾಗ ವೈದ್ಯಲೋಕ ಮನ್ನಣೆ ನೀಡಲಿಲ್ಲ. ಇದಕ್ಕೂ ಮುನ್ನ, 1927ರಲ್ಲಿ, ರುಮೇನಿಯದ ಆರೆಲ್ ಬಾಬೆಶ್ ಇಂತಹುದೇ ವಿಧಾನವನ್ನು ವರದಿ ಮಾಡಿದ್ದರು. ಸ್ತ್ರೀರೋಗ ತಜ್ಞ ಹರ್ಬರ್ಟ್ ಟ್ರಾಟ್ ಅವರೊಡನೆ 1941ರಲ್ಲಿ ಲೇಖನವನ್ನೂ 1943ರಲ್ಲಿ ಗ್ರಂಥವನ್ನೂ ಪ್ರಕಟಿಸಿದ ಬಳಿಕ ಪರೀಕ್ಷೆಯು ಪ್ರಚಾರಕ್ಕೆ ಬಂದಿತು.

ವರ್ಣಲೇಪನ

1942ರಲ್ಲಿ ಇವರು ಪ್ರಕಟಿಸಿದ ವರ್ಣಲೇಪನದಲ್ಲಿ ಕೋಶಕೇಂದ್ರವು ನೀಲಿಯಾಗಿಯೂ, ಕೋಶರಸವು ಪಕ್ವತೆಗೆ ಅನುಗುಣವಾಗಿ ಹಸಿರು, ಗುಲಾಬಿ ಅಥವಾ ಕಿತ್ತಳೆಯಾಗಿಯೂ ಕಾಣುತ್ತದೆ. ಹಿಗ್ಗಿ ಕಪ್ಪಾದ ಕೋಶಕೇಂದ್ರವು ಅಪಾಯದ ಸೂಚನೆ. ಆದರೆ ಆಕಾರವನ್ನಷ್ಟೇ ನೋಡಿ ನಿರ್ಣಯಿಸುವಾಗ ತಜ್ಞರಲ್ಲಿ ಭಿನ್ನಾಭಿಪ್ರಾಯ ಬರುವುದುಂಟು. ಆದ್ದರಿಂದ ಇಂದು ಸಂದೇಹವಿರುವಲ್ಲಿ ಪಿ16, ಕೆಐ-67 ಎಂಬ ಪ್ರೋಟೀನುಗಳನ್ನು ತೋರುವ ಲೇಪನಗಳನ್ನೂ ಬಳಸುತ್ತಾರೆ.

ಗೌರವ

1950ರಲ್ಲಿ ಲಾಸ್ಕರ್ ಪ್ರಶಸ್ತಿ ಪಡೆದರು. 1961ರಲ್ಲಿ ಮಯಾಮಿಗೆ ತೆರಳಿದ ಇವರು ಮರುವರ್ಷವೇ ನಿಧನರಾದರು. ಕರ್ನಾಟಕದ ಆಸ್ಪತ್ರೆಗಳಲ್ಲಿಯೂ ಈ ಪರೀಕ್ಷೆ ಇಂದು ರೂಢಿಯಲ್ಲಿದೆ.