ನ್ಯೂರೆಂಬರ್ಗಿನ ಯಂತ್ರಶಿಲ್ಪಿ ಗೇಯೋರ್ಗ್ ಹಾರ್ಟ್‌ಮನ್

ಹದಿನಾರನೆಯ ಶತಮಾನದ ಯುರೋಪಿನಲ್ಲಿ ವರ್ತಕರೂ ಯಾತ್ರಿಕರೂ ಹೊತ್ತೆಷ್ಟೆಂದು ತಿಳಿಯಬೇಕಾದರೆ ಆನೆಯ ದಂತದ ಎರಡು ಪುಟ್ಟ ಹಲಗೆಗಳನ್ನು ಜೇಬಿನಿಂದ ತೆಗೆದು ಬಿಸಿಲಿಗೆ ಹಿಡಿಯುತ್ತಿದ್ದರು. ಅವೇ ಜೇಬಿನ ನೆರಳುಗಡಿಯಾರಗಳು. ಅವುಗಳಿಗೆ ಹೆಸರಾಂತ ಊರು ಜರ್ಮನಿಯ ನ್ಯೂರೆಂಬರ್ಗ್. ಆ ಊರಿನ ಯಂತ್ರಶಿಲ್ಪಿಗಳಲ್ಲಿ ಅಗ್ರಗಣ್ಯನೆನಿಸಿದ ಗೇಯೋರ್ಗ್ ಹಾರ್ಟ್‌ಮನ್ನನ ಜೀವನವು ಕೈಕೆಲಸ ಮತ್ತು ವಿದ್ಯೆಗಳ ಅಪೂರ್ವ ಸಂಗಮವಾಗಿದೆ.

ಹಾರ್ಟ್‌ಮನ್ನನು 1489ರಲ್ಲಿ ಬವೇರಿಯ ಪ್ರಾಂತದ ಎಗ್ಗೊಲ್ಸ್‌ಹೈಮ್ ಎಂಬಲ್ಲಿ ಜನಿಸಿದನು. ಕೊಲೋನ್ ನಗರದಲ್ಲಿ ಧರ್ಮಶಾಸ್ತ್ರವನ್ನೂ ಗಣಿತವನ್ನೂ ಅಭ್ಯಾಸ ಮಾಡಿ, ಬಳಿಕ ಇಟಲಿಯಲ್ಲಿ ಸಂಚರಿಸಿದನು. ರೋಮಿನಲ್ಲಿದ್ದಾಗ ಖಗೋಲಶಾಸ್ತ್ರಜ್ಞ ಕೊಪರ್ನಿಕಸನ ಅಣ್ಣನ ಪರಿಚಯವಾಯಿತು. 1518ರಲ್ಲಿ ನ್ಯೂರೆಂಬರ್ಗಿಗೆ ಬಂದು ನೆಲಸಿದ ಆತನು ಸಂತ ಸೆಬಾಲ್ಡನ ಚರ್ಚಿನಲ್ಲಿ ಪಾದ್ರಿಯಾಗಿದ್ದನು. ಚಿತ್ರಕಾರ ಡ್ಯೂರರನ ಊರದು. ಲೋಹದ ಕೆಲಸ, ಮುದ್ರಣ, ದೂರದೇಶಗಳ ವ್ಯಾಪಾರ ಎಲ್ಲವೂ ಅಲ್ಲಿ ಬೆಳೆದಿದ್ದವು. ಅಂಥ ಊರಿನಲ್ಲಿ ಪಾದ್ರಿಯ ಕೈ ಉಳಿಯನ್ನು ಹಿಡಿಯಿತು. ನಕ್ಷತ್ರಗಳ ಎತ್ತರವನ್ನಳೆಯುವ ಹಿತ್ತಾಳೆಯ ಆಸ್ಟ್ರೊಲೇಬುಗಳು, ಗೋಳಗಳು, ನೆರಳುಗಡಿಯಾರಗಳು ಆತನ ಕಾರ್ಯಾಗಾರದಿಂದ ಹೊರಬಂದವು. ಹಣವಿಲ್ಲದವರಿಗಾಗಿ ಯಂತ್ರದ ಗೆರೆಗಳನ್ನು ಕಾಗದದ ಮೇಲೆ ಅಚ್ಚುಹಾಕಿಸಿ, ಮರದ ಹಲಗೆಗೆ ಅಂಟಿಸಿಕೊಳ್ಳುವಂತೆಯೂ ಮಾಡಿದನು.

ದಂತದ ಗಡಿಯಾರದ ರಚನೆ ನೋಡಲು ಸರಳ. ಎರಡು ಹಲಗೆಗಳನ್ನು ಪುಸ್ತಕದಂತೆ ತೆರೆಯುವ ಹಾಗೆ ಕೀಲಿನಿಂದ ಜೋಡಿಸಿರುತ್ತಾರೆ. ಮೇಲಿನದನ್ನು ನೆಟ್ಟಗೆ ನಿಲ್ಲಿಸಿದರೆ ಎರಡರ ನಡುವೆ ಒಂದು ದಾರ ಬಿಗಿಯಾಗುತ್ತದೆ. ಆ ದಾರದ ನೆರಳು ಕೊರೆದ ಗೆರೆಗಳಲ್ಲಿ ಯಾವುದರ ಮೇಲೆ ಬೀಳುವುದೋ ಅದೇ ಹೊತ್ತು. ಗೆರೆಗಳಲ್ಲಿ ಕಪ್ಪು, ಕೆಂಪು ಬಣ್ಣಗಳನ್ನು ತುಂಬುವುದರಿಂದ ಬಿಳಿಯ ದಂತದ ಮೇಲೆ ಅವು ಎದ್ದು ಕಾಣುತ್ತವೆ. ಆದರೆ ದಾರವು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿರಬೇಕು. ಎಂದರೆ ಊರಿನ ಅಕ್ಷಾಂಶವೆಷ್ಟೋ ಅಷ್ಟೇ ಓರೆಯಾಗಿರಬೇಕು. ಆದುದರಿಂದ ಹಲವು ಗಡಿಯಾರಗಳಲ್ಲಿ ದಾರಕ್ಕೆ ಒಂದಕ್ಕಿಂತ ಹೆಚ್ಚು ರಂಧ್ರಗಳಿದ್ದು, ಊರುಗಳ ಅಕ್ಷಾಂಶಗಳ ಪಟ್ಟಿಯನ್ನೂ ಕೊರೆದಿರುತ್ತಾರೆ. ಗಡಿಯಾರವನ್ನು ಉತ್ತರಕ್ಕೆ ಸರಿಯಾಗಿ ತಿರುಗಿಸಲು ಕೆಳಗಿನ ಹಲಗೆಯಲ್ಲಿ ಪುಟ್ಟ ದಿಕ್ಸೂಚಿಯನ್ನು ಹುದುಗಿಸಿರುತ್ತಾರೆ.

ಈ ಪುಟ್ಟ ಸೂಜಿಯೇ ಹಾರ್ಟ್‌ಮನ್ನನ ಕೀರ್ತಿಗೆ ಕಾರಣವಾಯಿತು. ಸೂಜಿ ನಿಜವಾದ ಉತ್ತರವನ್ನು ತೋರಿಸದಿದ್ದರೆ ಗಡಿಯಾರ ತಪ್ಪು ಹೊತ್ತನ್ನು ಹೇಳುತ್ತದೆ. ರೋಮಿನಲ್ಲಿ ಸೂಜಿಯು ಸುಮಾರು 6 ಡಿಗ್ರಿ ಪೂರ್ವಕ್ಕೆ ವಾಲುತ್ತಿದ್ದುದನ್ನು ಆತನು ಗುರುತಿಸಿದ್ದನು. ನ್ಯೂರೆಂಬರ್ಗಿನಲ್ಲಿ ಅದು 10 ಡಿಗ್ರಿಯಾಗಿತ್ತು. ವಾಲುವಿಕೆ ಊರಿಂದೂರಿಗೆ ಬೇರೆಯಾಗುವುದೆಂದು ಇದರಿಂದ ತಿಳಿಯಿತು. ಇನ್ನೊಂದು ವಿಚಿತ್ರವನ್ನೂ ಆತನು ಕಂಡನು. ಸಮತೂಕದಲ್ಲಿ ನಿಂತ ಸೂಜಿಯನ್ನು ಸೂಜಿಗಲ್ಲಿಗೆ ಉಜ್ಜಿದೊಡನೆ ಅದರ ಉತ್ತರದ ತುದಿ ನೆಲದ ಕಡೆಗೆ ಬಾಗುತ್ತಿತ್ತು. 1544ರಲ್ಲಿ ಪ್ರಷ್ಯದ ಡ್ಯೂಕ್ ಆಲ್ಬ್ರೆಕ್ಟನಿಗೆ ಬರೆದ ಪತ್ರದಲ್ಲಿ ಇವನ್ನೆಲ್ಲ ವಿವರಿಸಿದನು. ಬಾಗನ್ನು 9 ಡಿಗ್ರಿಯೆಂದು ಆತನು ಅಳೆದಿದ್ದನು. ನಿಜವಾದ ಬಾಗು ಅದಕ್ಕಿಂತ ಹಲವು ಪಟ್ಟು ಹೆಚ್ಚು. ಅಡ್ಡಲಾಗಿ ತಿರುಗುವ ಸೂಜಿ ಕೆಳಮುಖವಾಗಿ ಸರಾಗವಾಗಿ ಬಾಗಲಾರದು.

ಆ ಪತ್ರವು ಅಚ್ಚಾಗದೆ ಉಳಿಯಿತು. ಲಂಡನ್ನಿನಲ್ಲಿ ದಿಕ್ಸೂಚಿಗಳನ್ನು ಮಾಡುತ್ತಿದ್ದ ರಾಬರ್ಟ್ ನಾರ್ಮನ್ ಇದೇ ಬಾಗನ್ನು ಸ್ವತಂತ್ರವಾಗಿ ಕಂಡು, ಸರಿಯಾಗಿ ಅಳೆದು, 1581ರಲ್ಲಿ ಪ್ರಕಟಿಸಿದನು. ಹಾರ್ಟ್‌ಮನ್ನನ ಪತ್ರ ಬೆಳಕು ಕಂಡದ್ದು 1831ರ ಸುಮಾರಿಗೆ. ಅಷ್ಟರಲ್ಲಿ ಆತನು ತೀರಿಕೊಂಡು ಎರಡೂವರೆ ಶತಮಾನಕ್ಕೂ ಮಿಕ್ಕಿತ್ತು. ಸಮಕಾಲೀನ ಪಂಡಿತರಲ್ಲಿ ಮಾತ್ರ ಆತನಿಗೆ ಮನ್ನಣೆಯಿತ್ತು: ಕೊಪರ್ನಿಕಸನ ತ್ರಿಕೋನಗಣಿತದ ಪುಸ್ತಕವನ್ನು 1542ರಲ್ಲಿ ಪ್ರಕಟಿಸಿದ ಶಿಷ್ಯ ರೆಟಿಕಸ್ ಅದನ್ನು ಹಾರ್ಟ್‌ಮನ್ನನಿಗೇ ಅರ್ಪಿಸಿದನು.

1564ರಲ್ಲಿ ನ್ಯೂರೆಂಬರ್ಗಿನಲ್ಲೇ ಹಾರ್ಟ್‌ಮನ್ನನು ನಿಧನನಾದನು. ಆತನ ತರುವಾಯ ಟೂಖರ್, ರೈನ್‌ಮನ್, ಟ್ರೋಶೆಲ್ ಮನೆತನದವರು ದಂತದ ಗಡಿಯಾರಗಳ ಕಸುಬನ್ನು ಮುಂದುವರಿಸಿದರು. ಹಾವು, ಕಿರೀಟ, ಹಕ್ಕಿಗಳ ಮುದ್ರೆಗಳಿಂದ ಅವರವರ ಕೆಲಸ ಇಂದಿಗೂ ಗುರುತಿಗೆ ಸಿಕ್ಕುತ್ತದೆ. ಆ ಗಡಿಯಾರಗಳು ಈಗ ವಸ್ತುಸಂಗ್ರಹಾಲಯಗಳ ಸೊತ್ತು.

ನಮ್ಮ ಬೆಂಗಳೂರಿಗೆ ಅಂಥದೊಂದು ಗಡಿಯಾರ ಬಂದಿದ್ದರೆ ಅದರ ದಾರವು 13 ಡಿಗ್ರಿಯಷ್ಟು ಓರೆಯಿರಬೇಕಾಗುತ್ತಿತ್ತು. ಮುಂಬಯಿಯಲ್ಲಿ 19, ದೆಹಲಿಯಲ್ಲಿ 28ಕ್ಕೂ ಮಿಕ್ಕು. ಸೂರ್ಯನೊಬ್ಬನೇ ಆದರೂ ಹೊಸ ಊರಿಗೆ ಹೋದವನು ದಾರವನ್ನು ಆ ಊರಿಗೆ ಹೊಂದಿಸಿಕೊಳ್ಳಲೇಬೇಕು. ಊರೂರಿನ ಈ ವ್ಯತ್ಯಾಸವನ್ನು ಅಲ್ಪವೆಂದು ತಳ್ಳದೆ ಅಳೆದು ಬರೆದಿಟ್ಟದ್ದೇ ಹಾರ್ಟ್‌ಮನ್ನನ ಹಿರಿಮೆ.