ಹೆದ್ದಾರಿಯಲ್ಲಿಲ್ಲದ ಸಮಾಧಿ

ನಿಪ್ಪಾಣಿಯಿಂದ ಧಾರವಾಡಕ್ಕೆ ಹೋಗುವಾಗ ಬಸ್ಸು ಮೊದಲು ಕಾಕತಿ ದಾಟುತ್ತದೆ, ಆಮೇಲೆ ಕಿತ್ತೂರು. ಕಾಕತಿಯಲ್ಲಿ 1778ರಲ್ಲಿ ಹುಟ್ಟಿದ ಚೆನ್ನಮ್ಮ, ಮಲ್ಲಸರ್ಜ ದೇಸಾಯಿಯ ರಾಣಿಯಾಗಿ ಕಿತ್ತೂರಿಗೆ ಬಂದರು. ಗಂಡ ತೀರಿದ ಮೇಲೆ ದೊರೆಯಾದ ಮಲಮಗನೂ 1824ರಲ್ಲಿ ಹೋದ. ದತ್ತುಮಗನನ್ನು ಕಂಪನಿ ಸರ್ಕಾರ ಒಪ್ಪಲಿಲ್ಲ. ಅಕ್ಟೋಬರ್ 23ರಂದು ಕೋಟೆಯೆದುರು ಕಲೆಕ್ಟರ್ ಥ್ಯಾಕರೆ ಗುಂಡಿಗೆ ಬಲಿಯಾದ. ಎಫ್‌ಡಿಎ ಪರೀಕ್ಷೆಗೆ ನಾವು ಬಾಯಿಪಾಠ ಮಾಡುವುದು ಇಷ್ಟನ್ನೇ.

ಡಿಸೆಂಬರ್‌ನಲ್ಲಿ ದೊಡ್ಡ ಸೈನ್ಯ ಬಂತು, ಕೋಟೆ ಬಿತ್ತು. ರಾಣಿ ಬೈಲಹೊಂಗಲದಲ್ಲಿ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದು, 1829ರ ಫೆಬ್ರುವರಿಯಲ್ಲಿ ಅಲ್ಲೇ ತೀರಿಕೊಂಡರು.

ಕಿತ್ತೂರಿನಲ್ಲಿ ಈಗಿರುವುದು ಸೂರಿಲ್ಲದ ಅರಮನೆಯ ದಪ್ಪ ಗೋಡೆಗಳು. ಧ್ರುವ ನಕ್ಷತ್ರ ನೋಡಲು ಬಿಟ್ಟ ಕಿಂಡಿಯೊಂದಿದೆ. ಸರ್ವೇ ಕಲಿತ ನನಗೆ ಅದೇ ಬೆರಗು. ಮೂರು ಸಲ ಹೋಗಿದ್ದೇನೆ. ಸಮಾಧಿ ನೋಡಲು ಬೈಲಹೊಂಗಲಕ್ಕೆ ಒಮ್ಮೆಯೂ ಹೋಗಿಲ್ಲ. ಅದಕ್ಕೆ ಹೆದ್ದಾರಿ ಬಿಟ್ಟು ಒಳಗೆ ಹೊರಳಬೇಕು.