ಲಾರ್ಡ್ ಲಿಸ್ಟರ್

ಗಾಯದಿಂದ ರಕ್ತ ಸೋರಿ ಸಾಯುವುದು ಒಂದು ಬಗೆ. ರಕ್ತ ನಿಂತ ಮೇಲೆ ನಂಜೇರಿ ಸಾಯುವುದು ಇನ್ನೊಂದು ಬಗೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮೊದಲನೆಯದನ್ನು ತಪ್ಪಿಸಲು ಕಟ್ಟಿದ ದಾರವೇ ಎಷ್ಟೋ ಸಲ ಎರಡನೆಯದಕ್ಕೆ ಕಾರಣವಾಗುತ್ತಿದ್ದಿತು. ಈ ಎರಡನ್ನೂ ಒಟ್ಟಿಗೆ ಎದುರಿಸಿದ ಮಹನೀಯನು ಜೋಸೆಫ್ ಲಿಸ್ಟರ್.

ಲಿಸ್ಟರನು 1827ನೆಯ ಇಸವಿ ಏಪ್ರಿಲ್ 5ರಂದು ಇಂಗ್ಲೆಂಡಿನ ಅಪ್ಟನ್ ಎಂಬಲ್ಲಿ ಜನಿಸಿದನು. ತಂದೆ ದ್ರಾಕ್ಷಾರಸದ ವ್ಯಾಪಾರಿಯಾದರೂ ಸೂಕ್ಷ್ಮದರ್ಶಕದ ಮಸೂರಗಳನ್ನು ಸುಧಾರಿಸಿ ಹೆಸರು ಪಡೆದವನು. ಮಗನು ಲಂಡನಿನಲ್ಲಿ ವೈದ್ಯವಿದ್ಯೆಯನ್ನು ಕಲಿತು, ಎಡಿನ್‌ಬರೋದಲ್ಲಿ ಸೈಮ್ ಎಂಬ ಶಸ್ತ್ರವೈದ್ಯನ ಬಳಿ ಪಳಗಿ, 1856ರಲ್ಲಿ ಅವನ ಮಗಳು ಆಗ್ನೆಸ್ಸಳನ್ನು ವರಿಸಿದನು. ಪ್ರಯೋಗಗಳ ವಿವರಗಳನ್ನು ಬರೆದಿಡುವುದರಲ್ಲಿ ಆಕೆ ಅವನಿಗೆ ಜೀವನವಿಡೀ ನೆರವಾದಳು.

1860ರಲ್ಲಿ ಅವನು ಗ್ಲಾಸ್ಗೋದಲ್ಲಿ ಪ್ರಾಧ್ಯಾಪಕನಾದನು. ಕೊಳೆಯುವಿಕೆಗೆ ಸೂಕ್ಷ್ಮಜೀವಿಗಳೇ ಕಾರಣವೆಂಬ ಪಾಶ್ಚರನ ವಿಚಾರವನ್ನು ತಿಳಿದು, ಗಾಯ ಕೀವುಗಟ್ಟುವುದಕ್ಕೂ ಅವೇ ಕಾರಣವೆಂದು ತರ್ಕಿಸಿದನು. 1865ರ ಆಗಸ್ಟಿನಲ್ಲಿ, ಗಾಡಿಯ ಚಕ್ರ ಹರಿದು ಕಾಲು ಮುರಿದಿದ್ದ 11 ವರ್ಷದ ಬಾಲಕನೊಬ್ಬನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದ ಪಟ್ಟಿ ಕಟ್ಟಿದನು. ಆರು ವಾರಗಳಲ್ಲಿ ಕಾಲು ಉಳಿಯಿತು. ಮೊದಲು ಅಂಗಚ್ಛೇದವಾದ 35 ರೋಗಿಗಳಲ್ಲಿ 16 ಮಂದಿ ಸಾಯುತ್ತಿದ್ದ ಅವನ ವಾರ್ಡುಗಳಲ್ಲಿ, ಹೊಸ ಕ್ರಮ ಬಂದ ಮೇಲೆ 40ರಲ್ಲಿ ಸತ್ತವರು 6 ಮಂದಿ ಮಾತ್ರ.

ಆದರೆ ದಾರದ ಸಮಸ್ಯೆ ಉಳಿದಿದ್ದಿತು. ರಕ್ತನಾಳವನ್ನು ರೇಷ್ಮೆ ಅಥವಾ ನಾರಿನ ದಾರದಿಂದ ಕಟ್ಟಿ, ಅದರ ತುದಿಯನ್ನು ಗಾಯದ ಹೊರಗೆ ಇಳಿಬಿಡುವುದು ರೂಢಿ. ಕಟ್ಟಿದ ಭಾಗ ಕೊಳೆತು ಸಡಿಲವಾದಾಗ ದಾರವನ್ನು ಎಳೆದು ತೆಗೆಯುತ್ತಿದ್ದರು. ಅಷ್ಟರಲ್ಲಿ ಕೀವಾಗುತ್ತಿದ್ದಿತು, ಕೆಲವೊಮ್ಮೆ ನಾಳ ಮತ್ತೆ ತೆರೆದುಕೊಂಡು ರಕ್ತ ಚಿಮ್ಮುತ್ತಿದ್ದಿತು. ಲಿಸ್ಟರನು ಕುರಿಯ ಕರುಳಿನಿಂದ ಮಾಡಿದ ಕ್ಯಾಟ್‌ಗಟ್ ದಾರವನ್ನು ಆರಿಸಿಕೊಂಡನು. ದಾರ ಹಳೆಯದೇ, ಕಾರ್ಬಾಲಿಕ್ ಆಮ್ಲದಲ್ಲಿ ನೆನೆಸಿ ಅದರ ನಂಜು ಕಳೆದದ್ದು ಅವನ ಹೊಸತನ. 1868ರ ಕೊನೆಯಲ್ಲಿ ಕರುವೊಂದರ ಕುತ್ತಿಗೆಯ ರಕ್ತನಾಳವನ್ನು ಅದರಿಂದ ಕಟ್ಟಿ, ತುದಿ ಕತ್ತರಿಸಿ, ಗಾಯವನ್ನು ಮುಚ್ಚಿದನು. ತಿಂಗಳ ಬಳಿಕ ನೋಡಿದಾಗ ಕೀವಿರಲಿಲ್ಲ. ದಾರವಿದ್ದ ಜಾಗದಲ್ಲಿ ಜೀವಂತ ಅಂಗಾಂಶ ಬೆಳೆದಿದ್ದಿತು. ದಾರ ಬೇಗನೆ ಕರಗದಿರಲೆಂದು ಮುಂದೆ ಕ್ರೋಮಿಕ್ ಆಮ್ಲದಿಂದ ಅದನ್ನು ಹದಮಾಡಿದನು.

ಅನೇಕ ವೈದ್ಯರು ಅವನನ್ನು ಹಳಿದರು. ಅವನು ವಾದಕ್ಕಿಂತ ವಾಸಿಯಾದ ರೋಗಿಗಳನ್ನೇ ನೆಚ್ಚಿದನು. 1897ರಲ್ಲಿ ಲಾರ್ಡ್ ಪದವಿ ಪಡೆದು, 1912ರ ಫೆಬ್ರವರಿ 10ರಂದು ನಿಧನನಾದನು.

ಈಗ ಕ್ಯಾಟ್‌ಗಟ್ಟಿನ ಸ್ಥಾನವನ್ನು ಬಹುಮಟ್ಟಿಗೆ ಕೃತಕ ದಾರಗಳು ಪಡೆದಿವೆ. ಅವುಗಳಲ್ಲಿಯೂ ರಕ್ತವನ್ನು ತಡೆದು, ಗಾಯ ಮಾಯುವವರೆಗೆ ನಿಂತು, ಅನಂತರ ದೇಹದಲ್ಲಿಯೇ ಕರಗಿಹೋಗುವಂಥವು ಅನೇಕ. ದಾರ ಎಳೆದು ತೆಗೆಯುವ ನೋವನ್ನು ಕಾಣದೆ ಮನೆಗೆ ಮರಳುವ ರೋಗಿಯು ಲಿಸ್ಟರನಿಗೆ ಋಣಿ.